ಫುಕೆಟ್ ಬೀಚಿನಲ್ಲಿ ತಾಳಿ! ನೀವೂ ಹೊರಟಿರಾ?

1978ರಲ್ಲಿ ದ್ವಾರಕೀಶ್ ‘ಸಿಂಗಪೂರ್‌ನಲ್ಲಿ ರಾಜಾ ಕುಳ್ಳ’ ತೆಗೆದಾಗ, ವಿಷ್ಣುವರ್ಧನ್ ವಿದೇಶದ ಬೀದಿಯಲ್ಲಿ ಓಡಾಡೋದನ್ನು ನೋಡೋಕೇ ಜನ ಟಾಕೀಸಿಗೆ ನುಗ್ಗಿದ್ದರು. ಈಗ ಕಾಲ ನೋಡಿ ಸ್ವಾಮಿ! ಫಾರಿನ್ನಿಗೆ ಹೋಗಲು ಹೀರೋ ಆಗಬೇಕಿಲ್ಲ, ಮದುಮಗನ ಗೆಳೆಯನಾದರೆ ಸಾಕು. ಯಶ್-ರಾಧಿಕಾ ಪಂಡಿತ್ 2016ರಲ್ಲಿ ಗೋವಾದಲ್ಲಿ ನಿಶ್ಚಿತಾರ್ಥ ಮಾಡಿಕೊಂಡರು. ಬೆಂಗಳೂರಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರೋ ಹುಡುಗರು ಅದಕ್ಕೂ ಮುಂದೆ ಹೋಗಿ ಥಾಯ್ಲೆಂಡಿನ ಫುಕೆಟ್ ಬೀಚಿನಲ್ಲೇ ತಾಳಿ ಕಟ್ತಾರೆ.

ಹೊಸನಗರದ ಓದುಗ ಮಿತ್ರರೊಬ್ಬರಿಗೆ ಅಂಥದೇ ಕರೆಯೋಲೆ ಬಂದಿದೆಯಂತೆ. ಏನು ತಯಾರಿ ಬೇಕು ಅಂತ ಕೇಳಿದ್ದಾರೆ. ಪಿಯುಸಿ ಅರ್ಧಕ್ಕೆ ಬಿಟ್ಟ ನನ್ನನ್ನು ಇದನ್ನೆಲ್ಲ ಕೇಳ್ತಾರಲ್ಲ! ಇರಲಿ, ಹೋಗಿ ಬಂದವರನ್ನು ವಿಚಾರಿಸಿ, ನಿಯಮ ಓದಿ ಬರೀತಿದ್ದೀನಿ.

ಮೊದಲು ದುಡ್ಡಿನ ಮಾತು. ಊಟ, ರೂಮು ಮದುವೆ ಮನೆಯವರದ್ದು, ವಿಮಾನದ ಟಿಕೆಟ್ ನಿಮ್ಮದು... ಬಹಳ ಕಡೆ ಹೀಗೇ. ಗೆಳೆಯನನ್ನು ನೇರವಾಗಿ ಕೇಳಿಬಿಡಿ, ನಾಚಿಕೆ ಬೇಡ. ತೋಟಕ್ಕೆ ಕೊಳೆ ಬಿದ್ದಿರೋವಾಗ ಮಂಡಿಯಲ್ಲಿ ಮುಂಗಡ ಎತ್ತಿ ಫುಕೆಟ್‌ಗೆ ಹಾರಬೇಕಾದ್ದೇನಿಲ್ಲ. ಊರಲ್ಲಿ ರಿಸೆಪ್ಷನ್ ಇಟ್ಟೇ ಇಡ್ತಾರೆ, ಮುಯ್ಯಿ ಅಲ್ಲೇ ಕೊಡಿ.

ಹೋಗೋದೇ ಸೈ ಅಂದ್ರೆ, ಪಾಸ್‌ಪೋರ್ಟ್. ಹೊಸದಕ್ಕೆ 1,500 ರೂಪಾಯಿ. ಪೊಲೀಸ್ ವಿಚಾರಣೆ ಆಗಬೇಕು, ಅದಕ್ಕೇ ಬೇಗ ಶುರು ಮಾಡಿ. ಹಳೇದಿದ್ದರೆ ಇನ್ನೂ ಆರು ತಿಂಗಳ ವಾಯಿದೆ ಇರಬೇಕು, ಇಲ್ಲವಾದರೆ ಬೆಂಗಳೂರಿನಿಂದಲೇ ವಾಪಸ್! ಹೆಸರಿನ ತಕರಾರು ಬೇರೆ. ನಾವು ಇನಿಷಿಯಲ್ ಮಂದಿ. ಪಾಸ್‌ಪೋರ್ಟಿನಲ್ಲಿ ಅದು ಬಿಡಿಸಿ ಅಪ್ಪನ ಹೆಸರು, ಊರ ಹೆಸರು ಆಗಿರುತ್ತೆ. ಟಿಕೆಟಿನಲ್ಲೂ ಅಕ್ಷರ ಅಕ್ಷರ ಅದೇ ಇರಲಿ. ವೀಸಾ ನಿಯಮ ಬದಲಾಗ್ತಾ ಇರುತ್ತೆ, ಥಾಯ್ ರಾಯಭಾರ ಕಚೇರಿಯದ್ದನ್ನೇ ನೋಡಿ. 2025ರ ಮೇ 1ರಿಂದ ಡಿಜಿಟಲ್ ಅರೈವಲ್ ಕಾರ್ಡ್ ಅಂತ ಒಂದು ಬಂದಿದೆ. ತಲುಪೋ ಮುಂಚಿನ ಮೂರು ದಿನದೊಳಗೆ ತುಂಬಬೇಕು, ಪುಕ್ಕಟೆ. ಇದಕ್ಕೆ ದುಡ್ಡು ಕೇಳಿದವನು ಮೋಸಗಾರ.

ಅಮ್ಮ ಒಣಕೊಬ್ಬರಿ ಕಟ್ಟಿಕೊಟ್ಟರೆ ಮನೆಯಲ್ಲೇ ಬಿಡಿ. ಅದರ ಎಣ್ಣೆ ತಾನೇ ಬಿಸಿಯಾಗಿ ಹೊತ್ತಿಕೊಳ್ಳಬಹುದು ಅಂತ ವಿಮಾನಕ್ಕೆ ಬಿಡೋದಿಲ್ಲ. ಮಿಡಿ ಉಪ್ಪಿನಕಾಯಿ ದೊಡ್ಡ ಲಗೇಜಿನಲ್ಲಿ, ಪವರ್ ಬ್ಯಾಂಕ್ ಕೈಚೀಲದಲ್ಲಿ. ಮರಳಿಗೆ ಬೂಟು ಆಗೋಲ್ಲ, ಹತ್ತಿ ಪಂಚೆ ಭೇಷ್. ಅಲ್ಲಿಯ ರಾಜನನ್ನು ಗೇಲಿ ಮಾಡಿದರೆ ಜೈಲು. ಕೆಲವು ಬೀಚುಗಳಲ್ಲಿ ಸಿಗರೇಟೂ ನಿಷಿದ್ಧ.

ಇನ್ನು ಸಮುದ್ರ. ತೀರ್ಥಹಳ್ಳಿಯವರು ತುಂಗೆ ಈಜಿದವರು, ಸಾಗರದ ಕಡೆಯವರು ಶರಾವತಿ ಹಿನ್ನೀರು ಕಂಡವರು. ‘ನಮಗೆ ಈಜು ಬರುತ್ತೆ ಕಣೋ’ ಅನ್ನೋ ಆ ಧೈರ್ಯವೇ ನನಗೆ ಭಯ. 2024ರ ಡಿಸೆಂಬರಿನಲ್ಲಿ ಮುರುಡೇಶ್ವರಕ್ಕೆ ಪ್ರವಾಸ ಬಂದ ಕೋಲಾರ ಜಿಲ್ಲೆಯ ನಾಲ್ವರು ವಿದ್ಯಾರ್ಥಿನಿಯರು ಸಮುದ್ರಪಾಲಾದರು. ಫುಕೆಟ್‌ನ ಪಡುವಣ ದಡದಲ್ಲಿ ಮೇನಿಂದ ಅಕ್ಟೋಬರ್‌ವರೆಗೆ ಮುಂಗಾರಿನ ಅಬ್ಬರ. ಪ್ಯಾಕೇಜು ಅಗ್ಗವಾಗೋದೂ ಆಗಲೇ, ನಮ್ಮ ಮೇ ತಿಂಗಳ ಲಗ್ನಗಳೂ ಆಗಲೇ! ಕೆಂಪು ಬಾವುಟ ಕಂಡರೆ ಮೊಣಕಾಲುದ್ದ ನೀರಿಗೂ ಇಳೀಬೇಡಿ. ಎರಡು ಕಡೆ ಅಲೆ ಒಡೀತಾ, ನಡುವೆ ಸಪಾಟಾಗಿ ಕಾಣೋ ಜಾಗವೇ ಹಲವು ಸಲ ಮೋಸದ್ದು. ಅಲ್ಲಿ ನೀರು ಒಳಕ್ಕೆ, ಸಮುದ್ರದ ಕಡೆಗೆ ಎಳೆಯುತ್ತೆ. ಸಿಕ್ಕಿಕೊಂಡರೆ ದಡದ ಕಡೆಗೇ ಕೈ ಬಡಿದು ಸುಸ್ತಾಗಬೇಡಿ. ತೇಲಿ, ಕೈ ಎತ್ತಿ ಕೂಗಿ, ದಡಕ್ಕೆ ಸಮನಾಗಿ ಪಕ್ಕಕ್ಕೆ ಈಜಿ. ಎಳೆತ ಸಡಿಲಾದ ಮೇಲೆ ದಡಕ್ಕೆ ತಿರುಗಿ.

ಗುಂಡು ಹಾಕಿದ ಮೇಲಂತೂ ನೀರಿನ ಹತ್ತಿರ ಸುಳೀಬೇಡಿ. ಮದುವೆ ಹಿಂದಿನ ರಾತ್ರಿಯ ಪಾರ್ಟಿಯಲ್ಲಿ ‘ಬಾರೋ, ಒಂದು ಮುಳುಗು’ ಅನ್ನೋನೊಬ್ಬ ಇದ್ದೇ ಇರ್ತಾನೆ. ಅವನನ್ನು ರೂಮಿಗೆ ಕರಕೊಂಡು ಹೋಗಿ ಮಲಗಿಸಿ. ಯಾರಾದರೂ ಸೆಳೆತಕ್ಕೆ ಸಿಕ್ಕರೆ ಹಿಂದಿನಿಂದ ನಾಲ್ಕು ಜನ ಹಾರೋದಲ್ಲ. ಲೈಫ್‌ಗಾರ್ಡ್‌ನನ್ನು ಕೂಗಿ, ತೇಲುವಂಥದ್ದು ಏನಿದ್ದರೂ ಎಸೀರಿ, ಖಾಲಿ ನೀರಿನ ಕ್ಯಾನಾದರೂ ಸರಿ.