ಜಾಕಿಯೂ ಸ್ಟೆಪ್ನಿಯೂ

ದಾವಣಗೆರೆಯಿಂದ ಹರಿಹರಕ್ಕೆ ಸುಮಾರು 14 ಕಿಲೋಮೀಟರು. ಹೆದ್ದಾರಿಯ ಡಾಮರಿನ ಮೇಲೆ ಈ ದೂರವನ್ನು ಕ್ರಮಿಸುವವನ ಗಾಲಿಯ ಗಾಳಿ ಹೋದರೆ ಅದೇನೂ ದೊಡ್ಡ ವಿಪತ್ತಲ್ಲ. ನೆಲ ಗಟ್ಟಿ, ನೆರವು ಹತ್ತಿರ. ಅದೇ ವಾಹನ ಹೆದ್ದಾರಿಯನ್ನು ಬಿಟ್ಟು ಭದ್ರಾ ನಾಲೆಯ ಏರಿಗೋ, ಕೊಂಡಜ್ಜಿಯ ಕಡೆಯ ಮಣ್ಣುದಾರಿಗೋ, ಮಳೆ ಹಿಡಿದ ಎರೆಹೊಲದ ಬಂಡಿಜಾಡಿಗೋ ಇಳಿಯಿತೆಂದರೆ ಲೆಕ್ಕವೇ ಬೇರೆ. ಬೊಲೆರೊ, ಥಾರ್, ಜಿಪ್ಸಿ, ಹಳೆಯ ಜೀಪು ಇವುಗಳಲ್ಲಿ ಒಂದನ್ನು ಕೊಳ್ಳಹೊರಟ ಗೃಹಸ್ಥರು ಬಣ್ಣವನ್ನು ನೋಡುತ್ತಾರೆ, ಆಸನವನ್ನು ಒತ್ತಿ ನೋಡುತ್ತಾರೆ, ಹಾಡಿನ ಪೆಟ್ಟಿಗೆಯನ್ನು ಹಾಡಿಸಿ ನೋಡುತ್ತಾರೆ. ಜಾಕಿಯನ್ನು ಹೊರಗೆ ತೆಗೆಸಿ ನೋಡುವವರು ವಿರಳ. ವಾಹನದ ಕೆಳಗೆ ಕೈಯಿಡಬೇಕಾದ ದಿನ ಮನೆಯವರ ಜೀವ ನಿಲ್ಲುವುದು ಆ ಜಾಕಿಯ ಮೇಲೆಯೇ.

ಜಾಕಿ ಇರುವುದು ಎತ್ತುವುದಕ್ಕೆ. ಎತ್ತಿದ್ದನ್ನು ಹೊತ್ತು ನಿಲ್ಲುವುದು ಬೇರೆಯದೇ ಕೆಲಸ. ಈ ಭೇದವನ್ನು ನಮ್ಮ ಬಂಡಿ ಹೊಡೆಯುವವರು ಚೆನ್ನಾಗಿ ಅರಿತಿದ್ದರು. ಗಾಲಿ ಕಳಚಿ ಅಚ್ಚಿಗೆ ಕೀಲೆಣ್ಣೆ ಹಚ್ಚುವ ಮುನ್ನ ಗಾಡಿಗೆ ಗಟ್ಟಿಯಾದೊಂದು ಆನಿಕೆ ಕೊಡುತ್ತಿದ್ದರು. ಎತ್ತಿ ಹಿಡಿದವನ ತೋಳನ್ನು ನಂಬಿ ಯಾರೂ ಕೆಳಗೆ ಕೈಹಾಕುತ್ತಿರಲಿಲ್ಲ. ಮೋಟಾರಿನ ಕಾಲದಲ್ಲಿ ಆ ಆನಿಕೆಯ ಸ್ಥಾನ ಕಬ್ಬಿಣದ ಸ್ಟ್ಯಾಂಡಿನದು. ಅದನ್ನು ಹೊತ್ತು ತಿರುಗಲು ಸ್ಥಳವಿಲ್ಲದವರು ಕೊನೆಯ ಪಕ್ಷ ಸ್ಟೆಪ್ನಿಯನ್ನೇ ಚಾಸಿಯ ಕೆಳಗೆ ಅಡ್ಡಲಾಗಿ ಮಲಗಿಸಿ, ಬಳಿಕ ಗಾಲಿಯನ್ನು ಕಳಚಬಹುದು. ಸ್ಟೆಪ್ನಿ ಏರಿಸುವಾಗ ಕಳಚಿದ ಗಾಲಿ ಆ ಜಾಗಕ್ಕೆ ಹೋಗುತ್ತದೆ. ಜಾಕಿ ಜಾರಿದರೂ ಭಾರ ಗಾಲಿಯ ಮೇಲೆ ಕುಳಿತೀತೇ ಹೊರತು ಮನುಷ್ಯನ ಮೇಲಲ್ಲ.

ಜಾಕಿಗಳಲ್ಲಿ ಅತ್ಯಂತ ಪ್ರಾಮಾಣಿಕವಾದದ್ದು ತಿರುಪಿನ ಜಾಕಿ. ಹರಿಹರದವರಿಗೆ ತಿರುಪಿನ ವಿಷಯವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. 1941ರಲ್ಲಿ ಅಲ್ಲಿ ಆರಂಭವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯಿಂದ ಹೊರಟ ಲೇತುಗಳು ದೇಶದ ಅದೆಷ್ಟೋ ಕಮ್ಮಟಗಳಲ್ಲಿ ತಿರುಪು ಕೊರೆದುವು. ಈಗ ಆ ಕಾರ್ಖಾನೆ ನಡೆಯುತ್ತಿಲ್ಲವಾದರೂ ಊರಿನ ಹಿರಿಯ ಕೈಗಳಲ್ಲಿ ಆ ವಿದ್ಯೆಯ ನೆನಪಿದೆ. ತಿರುಪಿನ ಇಳಿಜಾರು ಎಷ್ಟು ಮೆಲ್ಲಗಿರುತ್ತದೆಂದರೆ, ಮೇಲಿನ ಭಾರ ಎಷ್ಟೇ ಒತ್ತಿದರೂ ಘರ್ಷಣೆ ಅದನ್ನು ಹಿಂದಕ್ಕೆ ತಿರುಗಗೊಡುವುದಿಲ್ಲ. ಎಣ್ಣೆಯ ಒತ್ತಡದಿಂದ ಏಳುವ ಬಾಟಲಿ ಜಾಕಿಗೆ ಶ್ರಮ ಕಡಿಮೆ, ಬಲ ಹೆಚ್ಚು. ಆದರೆ ಅದು ನಿಂತಿರುವುದು ಒಳಗಿನ ಒಂದು ರಬ್ಬರಿನ ಬಳೆಯ ಕೃಪೆಯಿಂದ. ಬಳೆ ಸವೆದರೆ ಎಣ್ಣೆ ಜಿನುಗುತ್ತದೆ, ವಾಹನ ಸದ್ದಿಲ್ಲದೆ ಇಳಿಯುತ್ತದೆ. ಕೊಳ್ಳುವಾಗ 3 ಟನ್ನಿನದನ್ನು ಕೊಳ್ಳುವುದು ಲೇಸು. ಎತ್ತುವುದು ವಾಹನದ ಒಂದು ಮೂಲೆಯನ್ನು ಮಾತ್ರವಾದರೂ, ಹಿಂದೆ ಅಡಕೆಯ ಮೂಟೆಗಳಿದ್ದಾಗ, ನೆಲ ಓರೆಯಾಗಿದ್ದಾಗ ಆ ಮೂಲೆಯ ಭಾರ ಹೆಚ್ಚುತ್ತದೆ. ವಾಹನದೊಡನೆ ಬರುವ ಕತ್ತರಿ ಜಾಕಿಯ ತಳ ಬಲು ಕಿರಿದು. ಸಮನೆಲದಲ್ಲಿ ಅದು ಸಾಕು, ಹೊಲದಲ್ಲಿ ಸಾಲದು.

ತರುಣರ ಮೋಹವೆಲ್ಲ ಹೈ-ಲಿಫ್ಟ್ ಜಾಕಿಯ ಮೇಲೆ. ಅಮೆರಿಕದ ಇಂಡಿಯಾನಾ ರಾಜ್ಯದ ಬ್ಲೂಮ್‌ಫೀಲ್ಡ್ ಎಂಬಲ್ಲಿ 1905ರಿಂದ ತಯಾರಾಗುತ್ತಿರುವ ಈ ನಾಲ್ಕಡಿಯ ಕಬ್ಬಿಣದ ಕಂಬ ರೈತರ ಬಳಕೆಗೆ ಹುಟ್ಟಿದ್ದು. ಉಪಯುಕ್ತವೇನೋ ಹೌದು; ಆದರೆ ಅದರ ನಾಲಗೆಗೆ ಆಧಾರವಾಗಿ ಉಕ್ಕಿನ ಬಂಪರು ಬೇಕು. ಇಂದಿನ ಪ್ಲಾಸ್ಟಿಕ್ ಬಂಪರಿಗೆ ಹಚ್ಚಿದರೆ ಬಂಪರು ಮುರಿಯುತ್ತದೆ. ಇಳಿಸುವಾಗ ಹಿಡಿ ಕೈತಪ್ಪಿದರೆ ಅದು ರಭಸದಿಂದ ಬಡಿದು ದವಡೆಯನ್ನೇ ಮುರಿದೀತು. ಅದರ ಗೂಟಗಳೊಳಗೆ ಕೆಸರು ಸೇರಿದರೆ ಜಾಕಿ ಏರಿದಲ್ಲೇ ಕಚ್ಚಿಕೊಳ್ಳುತ್ತದೆ. ಮನೆಮಂದಿಯ ಪ್ರಯಾಣಕ್ಕೆ ಇದು ತಕ್ಕದ್ದಲ್ಲ.

ಜಾಕಿ ಯಾವುದಾದರೂ ಸರಿ, ಎರೆನೆಲದ ಗುಣವನ್ನು ಮರೆಯುವಂತಿಲ್ಲ. ಬೇಸಗೆಯಲ್ಲಿ ಬಿರಿದು ಕಲ್ಲಾಗುವ ಈ ಮಣ್ಣು ಮಳೆಗೆ ಉಬ್ಬಿ ಬೆಣ್ಣೆಯಾಗುತ್ತದೆ (ದಾವಣಗೆರೆಯ ದೋಸೆಗೆ ಬೆಣ್ಣೆ ಭೂಷಣ, ಜಾಕಿಗಲ್ಲ). ಒಂದು ಮೂಲೆಯ ಭಾರ 600 ಕಿಲೋ, ಜಾಕಿಯ ತಳ 10 ಸೆಂಟಿಮೀಟರಿನ ಚೌಕ ಎಂದಿಟ್ಟುಕೊಂಡರೆ ಪ್ರತಿ ಚದರ ಸೆಂಟಿಮೀಟರಿನ ಮೇಲೆ 6 ಕಿಲೋ ಬೀಳುತ್ತದೆ. ಒದ್ದೆ ಎರೆ ಅದನ್ನು ತಾಳದು. ವಾಹನ ಮೇಲೇಳುವ ಬದಲು ಜಾಕಿ ಕೆಳಗಿಳಿಯುತ್ತದೆ. ಅಡಿಯಲ್ಲಿ 30 ಸೆಂಟಿಮೀಟರಿನ ಚೌಕ ಹಲಗೆಯೊಂದಿದ್ದರೆ ಅದೇ ಭಾರ ಒಂಬತ್ತು ಪಟ್ಟು ಹರಡಿ, ಒಂದು ಕಿಲೋಗೂ ಕಡಿಮೆಯಾಗುತ್ತದೆ. ಎರಡಂಗುಲ ದಪ್ಪದ ಜಾಲಿಯ ಹಲಗೆ ಬಾಗುವುದಿಲ್ಲ. ಅದಕ್ಕೆ ಬಡಗಿ ಕೇಳುವ ಬೆಲೆಯಾದರೂ ಎಷ್ಟು?

ಜಾಕಿಯನ್ನು ಎಲ್ಲಿ ಕೊಡಬೇಕೆಂಬುದಕ್ಕೆ ತಯಾರಕರ ಕೈಪಿಡಿಯ ಮಾತೇ ಪ್ರಮಾಣ. ಹಿಂದಿನ ಗಾಲಿಗಳ ನಡುವೆ ಗಟ್ಟಿ ಅಚ್ಚು ಇರುವ ವಾಹನಗಳಲ್ಲಿ ಆ ಅಚ್ಚಿನಡಿಗೆ ಕೊಟ್ಟರೆ ಸ್ವಲ್ಪ ಎತ್ತಿದರೆ ಸಾಕು. ಮೈಗೆ ಕೊಟ್ಟರೆ ಸ್ಪ್ರಿಂಗು ಪೂರ್ತಿ ಜೋಲುವವರೆಗೆ ಎತ್ತುತ್ತಲೇ ಇರಬೇಕು. ಇನ್ನೊಂದು ಸೂಕ್ಷ್ಮ. ಹಳೆಯ ಜೀಪುಗಳಲ್ಲಿ ಕೈಬ್ರೇಕು ಹಿಡಿಯುವುದು ಗಾಲಿಯನ್ನಲ್ಲ, ಗೇರುಪೆಟ್ಟಿಗೆಯ ಹಿಂದಿನ ದಂಡವನ್ನು. ಹಿಂಗಾಲಿಯೊಂದು ನೆಲ ಬಿಟ್ಟ ಕ್ಷಣವೇ ಅಚ್ಚಿನ ನಡುವಣ ಹಲ್ಲುಗಾಲಿಗಳು ಇನ್ನೊಂದು ಗಾಲಿಯನ್ನು ಉರುಳಲು ಬಿಡುತ್ತವೆ. ಬ್ರೇಕು ಹಾಕಿದ್ದ ಜೀಪು ಹಾಗೆಯೇ ಜಾಕಿಯಿಂದ ಉರುಳುತ್ತದೆ. ಹಿಂಗಾಲಿಗಳಿಂದ ನಡೆಯುವ ವಾಹನವನ್ನು ಗೇರಿನಲ್ಲಿಟ್ಟ ಮಾತ್ರಕ್ಕೆ ನಿಂತೀತೆನ್ನುವುದೂ ಇದೇ ಕಾರಣದಿಂದ ಭ್ರಮೆ. ಆದ್ದರಿಂದ ಎತ್ತುವ ಗಾಲಿಗೆ ಕರ್ಣದ ತುದಿಯಲ್ಲಿರುವ ಗಾಲಿಯ ಹಿಂದುಮುಂದೆ ಕಲ್ಲು ಒತ್ತದೆ ಜಾಕಿಯ ಹಿಡಿಯನ್ನು ಮುಟ್ಟಕೂಡದು.

ಇನ್ನು ಸ್ಟೆಪ್ನಿ. ಈ ಪದ ವೇಲ್ಸ್ ನಾಡಿನ ಲನೆಥ್ಲಿ ಎಂಬ ಊರಿನ ಒಂದು ಬೀದಿಯ ಹೆಸರು. ಮೋಟಾರುಗಳು ಹೆಚ್ಚುವರಿ ಗಾಲಿಯಿಲ್ಲದೆ ಓಡುತ್ತಿದ್ದ ಕಾಲದಲ್ಲಿ, 1904ರ ಸುಮಾರಿಗೆ, ಥಾಮಸ್ ಮಾರಿಸ್ ಡೇವಿಸ್ ಎಂಬಾತ ಸ್ಟೆಪ್ನಿ ಬೀದಿಯ ತನ್ನ ಅಂಗಡಿಯಿಂದ ಇಂಥ ಗಾಲಿಯನ್ನು ಮಾರಾಟಕ್ಕೆ ತಂದ. ಇಂಗ್ಲೆಂಡಿನವರು ಮರೆತ ಹೆಸರನ್ನು ನಮ್ಮ ಗ್ಯಾರೇಜಿನ ಹುಡುಗರು ಉಳಿಸಿಕೊಂಡು ಬಂದಿದ್ದಾರೆ.

ಬೊಲೆರೊ, ಥಾರ್‌ಗಳಲ್ಲಿ ಸ್ಟೆಪ್ನಿ ಹಿಂದಿನ ಬಾಗಿಲ ಮೇಲೆ ತೂಗುತ್ತದೆ. ತೆಗೆಯುವುದಕ್ಕೆ ಕೆಸರಿನಲ್ಲಿ ತೆವಳಬೇಕಾಗಿಲ್ಲವೆಂಬುದು ಲಾಭ. ಬಾಗಿಲ ಕೀಲುಗಳು ಹಗಲಿರುಳೂ ಆ ಭಾರವನ್ನು ಹೊರಬೇಕೆಂಬುದು ನಷ್ಟ. ಅಂದಕ್ಕೆಂದು ದೊಡ್ಡ ಟಯರು ಹಾಕಿಸಿದವರ ಬಾಗಿಲು ಕೆಲವು ತಿಂಗಳಲ್ಲೇ ಕಿರುಗುಟ್ಟತೊಡಗುತ್ತದೆ. ಅಂಥವರು ಬೇರೆ ಕೈಮರವನ್ನು ಮಾಡಿಸುವುದಾದರೆ ಅದು ಬಾಗಿಲ ತಗಡಿಗೆ ಕೂರದೆ ಚಾಸಿಗೆ ಸೇರಿದ ಉಕ್ಕಿನ ಬಂಪರಿಗೆ ಕೂರಬೇಕು. ತೆರೆದಾಗ ತಾನೇ ನಿಲ್ಲುವ ತಡೆ ಇರಬೇಕು, ಇಲ್ಲವಾದರೆ ಇಳಿಜಾರಿನಲ್ಲಿ ಅದು ಬೀಸಿ ಬಂದು ನಿಂತವರ ಬೆನ್ನಿಗೆ ಬಡಿಯುತ್ತದೆ. ನಂಬರು ಫಲಕವೂ ಕೆಂಪು ದೀಪಗಳೂ ಮರೆಯಾಗಬಾರದು. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ತಯಾರಕರ ವಿವರಕ್ಕೆ ವಿರುದ್ಧವಾದ ಮಾರ್ಪಾಟಿಗೆ ಅಡ್ಡಿ ಮಾಡುತ್ತದಾಗಿ ಮೊದಲೇ ಸಾರಿಗೆ ಕಚೇರಿಯಲ್ಲಿ ವಿಚಾರಿಸುವುದು ಒಳಿತು. ಮಾಳಿಗೆಯ ಮೇಲೆ ಸ್ಟೆಪ್ನಿ ಕಟ್ಟುವುದಂತೂ ನಾಲೆಯ ಏರಿಯ ಓರೆಯಲ್ಲಿ ಉರುಳುವುದಕ್ಕೆ ಆಹ್ವಾನ. ಹೊಟ್ಟೆಯಡಿಯ ಸರಪಳಿ ತುಕ್ಕು ಹಿಡಿದಿದೆಯೇ ಎಂದು ಆಗಾಗ ಇಳಿಸಿ ನೋಡಬೇಕು.

2020ರ ನಿಯಮದಂತೆ ಟ್ಯೂಬಿಲ್ಲದ ಟಯರು, ಗಾಳಿಯ ಒತ್ತಡ ತಿಳಿಸುವ ಸಾಧನ, ದುರಸ್ತಿಯ ಸಾಮಾನು ಇರುವ ಕಾರುಗಳಿಗೆ ಸ್ಟೆಪ್ನಿ ಕಡ್ಡಾಯವಲ್ಲ. ಆದರೆ ಕೂಳೆಯೋ ಚೂಪುಗಲ್ಲೋ ಟಯರಿನ ಪಕ್ಕೆಯನ್ನು ಸೀಳಿದರೆ ಆ ದುರಸ್ತಿಯ ಬಿರಡೆ ನಿಲ್ಲುವುದಿಲ್ಲ. ಹೊಲದ ದಾರಿಯವರಿಗೆ ಸ್ಟೆಪ್ನಿ ಬೇಕೇ ಬೇಕು.

ಪ್ರಯಾಣಕ್ಕೆ ಮುಂಚೆ ಮನೆಯಂಗಳದಲ್ಲೇ ಒಮ್ಮೆ ಗಾಲಿ ಬದಲಿಸಿ ನೋಡಬೇಕು. ಟಯರಂಗಡಿಯಲ್ಲಿ ಗಾಳಿಯಂತ್ರದಿಂದ ಬಿಗಿದ ನಟ್ಟನ್ನು ವಾಹನದೊಡನೆ ಬಂದ ಗಿಡ್ಡ ಪಾನದಿಂದ ಬಿಚ್ಚಲಾಗದೆ ಹೋಗುವುದುಂಟು. ಗಾಲಿ ನೆಲದ ಮೇಲಿರುವಾಗಲೇ ನಟ್ಟುಗಳನ್ನು ಅರ್ಧ ಸುತ್ತು ಸಡಿಲಿಸಬೇಕು. ಅದಕ್ಕೆ ಮೊಳದುದ್ದದ ಕಬ್ಬಿಣದ ಕೊಳವೆಯೊಂದು ಜಾಲಿ ಹಲಗೆಯ ಪಕ್ಕದಲ್ಲಿ ಇರಲಿ.