ರೊಟ್ಟಿ ಲಿಸ್ಟ್ ಬಂತು, ದಾರಿ ಮಾತ್ರ ಯಾರೂ ಹೇಳಲಿಲ್ಲ

ದಸರಾ ರಜಾದಾಗ ಸಂಡೂರು ಗುಡ್ಡಕ್ಕ ಹೋಗೋದು ಅಂತ ನಮ್ಮನ್ಯಾಗ ಮಾತು ಎದ್ದೈತಿ. ಅಕ್ಕನ ಮಗ ಹೋದ ವರ್ಷ ಥಾರ್ ಗಾಡಿ ತಗೊಂಡಾನ. ಅವನ ದೋಸ್ತರದು ಇನ್ನೂ ನಾಲ್ಕು ಗಾಡಿ. ಐದೂ ಗಾಡಿ ಸಾಲಾಗಿ ಹೋಗೋದು, ಡಾಂಬರ್ ರೋಡ್ ಬಿಟ್ಟು ಗುಡ್ಡ ಹತ್ತೋದು, ರಾತ್ರಿ ಅಲ್ಲೇ ಟೆಂಟ್ ಹಾಕಿ ಬೆಂಕಿ ಹಚ್ಚಿ ಕುಂದ್ರೋದು, ಮುಂಜಾನೆ ಮಂಜು ನೋಡಿ ಇಳಿಯೋದು. "ಈ ಸಲ ಫ್ಯಾಮಿಲಿ ಜೊತಿಗೆ" ಅಂತ ವಾಟ್ಸಾಪ್ ಗ್ರೂಪ್ ಬ್ಯಾರೆ ಮಾಡ್ಯಾನ. ಅದರಾಗ ನನ್ನ ಹೆಸರಿಗೆ ಬಂದ ಮೊದಲನೇ ಮೆಸೇಜು ಇದು: "ಸಣ್ಣಮ್ಮ, 22 ಮಂದಿಗೆ ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಚಟ್ನಿಪುಡಿ. ಮುಂಜಾನೆ ಒಗ್ಗರಣಿ ಮಿರ್ಚಿ ಅಲ್ಲೇ ಮಾಡೋಣ. ಲೇಡೀಸ್ ಎಲ್ಲಾ ಹಂಚ್ಕೊಳ್ರಿ."

ಯಾವ ಗುಡ್ಡ, ಯಾವ ದಾರಿ, ಯಾರ ಅಪ್ಪಣೆ, ನೀರು ಎಲ್ಲಿ, ಹೆಣ್ಮಕ್ಕಳು ಬಯಲಕಡಿಗೆ ಎಲ್ಲಿ ಹೋಗಬೇಕು, ಒಂದೂ ಇಲ್ಲ. ರೊಟ್ಟಿ ಲೆಕ್ಕ ಮಾತ್ರ ಐತಿ.

ಮೊದಲೇ ಹೇಳಿಬಿಡ್ತೀನಿ, ನಾನು ಹೋಗೋದೇ ಬ್ಯಾಡ ಅನ್ನೋಳಲ್ಲ. ಬಳ್ಳಾರಿ ಬಿಸಿಲಾಗ ವರ್ಷಾನುಗಟ್ಟಲೆ ಬೆಂದ ಜೀವಕ್ಕ ಒಂದು ರಾತ್ರಿ ತಣ್ಣನ ಗಾಳಿ ಬ್ಯಾಡ ಅನ್ನೋಕಾಗ್ತೈತೇನು? ಸಂಡೂರನ್ನ ಸೆಪ್ಟೆಂಬರ್‌ನಾಗ ನೋಡಬೇಕು ಅಂತ ಗಾಂಧೀಜಿ ಹೇಳಿದ್ರಂತ, ನಮ್ಮ ಕಡಿ ಮಂದಿ ಇವತ್ತಿಗೂ ಅದನ್ನ ಹೇಳ್ಕೋತಾರ. ಮಳಿ ಬಿದ್ದ ಮ್ಯಾಲ ಆ ಗುಡ್ಡ ನೋಡಿದವರಿಗೆ ಅದರಾಗ ಸುಳ್ಳು ಏನೂ ಕಾಣಲ್ಲ. ನಂದು ಇಷ್ಟೇ ತಕರಾರು. ಗುಡ್ಡದ ಮ್ಯಾಲ ಕ್ಯಾಂಪ್ ಅಂದ್ರ ಬಯಲಾಗ ಒಂದು ದಿನದ ಸಂಸಾರ ಹೂಡೋದು. ಆ ಸಂಸಾರದ ಲೆಕ್ಕ ಗೊತ್ತಿದ್ದೋರನ್ನ ಅಡಗಿಗೆ ಅಷ್ಟೇ ಕರೆದು, ಉಳಿದದ್ದೆಲ್ಲಾ ಸ್ಟೀರಿಂಗ್ ಹಿಡಿದೋರೇ ತೀರ್ಮಾನ ಮಾಡಬಾರದು.

ಜೀಪಿನಾಗ ಗುಡ್ಡ ಹತ್ತೋದು ನಮಗ ಹೊಸದಲ್ಲ. ಮೂರು ವರ್ಷದ ಹಿಂದ ಓಣಿ ಮಂದಿ ಕೂಡಿ ಕೊಲ್ಲೂರಿಗೆ ಹೋಗಿದ್ವಲ್ಲ, ಮೂಕಾಂಬಿಕಾ ದರ್ಶನ ಆದ ಮ್ಯಾಲ ಕೊಡಚಾದ್ರಿಗೆ ಜೀಪು ಹಿಡಿದ್ವಿ. 1,343 ಮೀಟರ್ ಎತ್ತರದ ಗುಡ್ಡ ಅದು. ಕೊನಿ ಕೊನಿಗೆ ದಾರಿ ಅನ್ನೋದು ಬರೇ ಕಲ್ಲು, ತಗ್ಗು, ಕೆಸರು. ಎದುರು ಮನಿ ಅಕ್ಕ ಕಣ್ಣು ಮುಚ್ಚಿದಾಕಿ ಮ್ಯಾಲ ಹೋಗೋತನ ಬಿಡಲೇ ಇಲ್ಲ. ಡ್ರೈವರ್ ಅಲ್ಲಿಯವನೇ, ದಿನಾ ಅದೇ ದಾರಿ ಹತ್ತಿ ಇಳಿಯೋ ಮನುಷ್ಯ. ನಾಲ್ಕೂ ಚಕ್ರಕ್ಕ ಶಕ್ತಿ ಹೋಗೋ ಹಂಗ ಸಣ್ಣ ಗೇರಿಗೆ ಹಾಕಿ ಇರುವಿ ನಡದಂಗ ನಡಿಸಿದ. ಇಳಿಯೋವಾಗ ಬ್ರೇಕ್ ಮ್ಯಾಲ ಕಾಲು ಒತ್ತಿ ಹಿಡೀಲಿಲ್ಲ, ಗೇರೇ ಗಾಡಿನ ಹಿಡ್ಕೊಂಡಿತ್ತು. ನಮ್ಮವರೊಬ್ಬರು "ಇಷ್ಟು ಕೆಟ್ಟ ದಾರಿ ಯಾಕ, ಪಕ್ಕದ ಹುಲ್ಲಿನ ಮ್ಯಾಲ ಹೋಗಬಹುದಲ್ಲ?" ಅಂದ್ರು. ಅವ ಗಾಡಿ ನಿಲ್ಲಿಸದೇ ಹೇಳಿದ, ಒಮ್ಮೆ ಅಲ್ಲಿ ಚಕ್ರ ಹೋದ್ರ ಹುಲ್ಲಿನ ಬೇರು ಕಿತ್ತು ಬರ್ತೈತಿ, ಮುಂದಿನ ಮಳಿಗೆ ಅದು ಕಾಲುವಿ ಆಗ್ತೈತಿ, ಅದರ ಮರುವರ್ಷ ಹಳ್ಳ, ಅಂತ. ಅಷ್ಟು ಕೆಟ್ಟ ದಾರಿಯಾಗೂ ಅವ ದಾರಿ ಬಿಟ್ಟು ಒಂದು ಮಾರು ಆಚಿ ಹೋಗಲಿಲ್ಲ. ಗುಡ್ಡ ಗೊತ್ತಿದ್ದೋರ ಡ್ರೈವಿಂಗ್ ಅಂದ್ರ ಅದು. ನಮ್ಮ ಹುಡುಗ್ರು ನೋಡೋ ವಿಡಿಯೋದಾಗ ಕೆಸರು ಎಷ್ಟು ಎತ್ತರ ಹಾರ್ತು ಅನ್ನೋದೇ ಡ್ರೈವಿಂಗು.

ಆ ಟ್ರಿಪ್ಪಿಂದು ಇನ್ನೊಂದು ಕಥಿ ಐತಿ. ಫೋಟೋದಾಗ ಅದು ಇಲ್ಲ.

ಅವತ್ತು ಮುಂಜಾನೆ ಐದಕ್ಕ ಎದ್ದ ನಾವು ಹೆಣ್ಮಕ್ಕಳು ಸಂಜಿತನ ನೀರು ಕುಡಿಯಲಿಲ್ಲ. ಯಾರೂ ಕುಡೀಬ್ಯಾಡ್ರಿ ಅಂತ ಹೇಳಿದ್ದಿಲ್ಲ. ಮ್ಯಾಲ ಎಲ್ಲಿ ಹೋಗೋದು ಅನ್ನೋ ಅಂಜಿಕಿಗೆ ಒಬ್ಬರಿಗೊಬ್ಬರು ಹೇಳದೇ ಎಲ್ಲರೂ ಅದನ್ನೇ ಮಾಡಿದ್ವಿ. ಗಂಡಸರು ಬಾಟ್ಲಿ ಮ್ಯಾಲ ಬಾಟ್ಲಿ ಖಾಲಿ ಮಾಡಿ, ಗಿಡದ ಹಿಂದ ಹೋಗಿ ಬಂದು, "ಎಷ್ಟು ಫ್ರೀ ಅನಿಸ್ತೈತಿ ನೋಡು" ಅಂತಿದ್ರು. ಊರಿಗೆ ಬಂದ ಮೂರನೇ ದಿನಕ್ಕ ನನಗ ಚಳಿಜ್ವರ, ಉರಿಮೂತ್ರ. ಡಾಕ್ಟರಮ್ಮ ಕೇಳಿದ್ದು ಒಂದೇ ಮಾತು, "ನೀರು ಎಷ್ಟು ಕುಡಿದ್ರಿ?" ಮನ್ಯಾಗ ಜ್ವರ ಅಂತ ಅಷ್ಟೇ ಹೇಳಿದೆ. ಇವತ್ತು ಇಲ್ಲಿ ಬರಿಯೋದಕ್ಕೂ ಸ್ವಲ್ಪ ನಾಚಿಕಿ ಆಗಾಕ ಹತ್ತೈತಿ, ಆದ್ರೂ ಬರೀತೀನಿ. ಹೊರಗ ಹೋದಾಗ ಬಾಯಿ ಕಟ್ಟಿ ಕೂತವರು ನಮ್ಮೊಳಗ ಎಷ್ಟು ಮಂದಿ ಅದಾರ ಅನ್ನೋದು ನನಗ ಗೊತ್ತು. ಮುಟ್ಟಿನ ದಿನ ಬಂದ್ರಂತೂ "ಮೈಯಾಗ ಹುಷಾರಿಲ್ಲ" ಅಂತ ಟ್ರಿಪ್ಪೇ ಬಿಡ್ತೀವಿ.

ಇದಕ್ಕ ದೊಡ್ಡ ಖರ್ಚೇನೂ ಬ್ಯಾಡ. ನಿಂತ್ಕೊಳ್ಳೋ ಎತ್ತರದ ಸಣ್ಣ ಟಾಯ್ಲೆಟ್ ಟೆಂಟ್ ಸಿಗ್ತೈತಿ. ಅದಿಲ್ಲಾಂದ್ರ ಎರಡು ಹಳೇ ಸೀರಿ, ನಾಲ್ಕು ಬಡಿಗಿ. ಒಂದು ಸಣ್ಣ ಸಲಿಕಿ. ಹಳ್ಳ, ಕೆರಿಯಿಂದ 200 ಅಡಿ ದೂರ, ಆರೇಳು ಇಂಚು ಆಳದ ಕುಣಿ, ಮ್ಯಾಲ ಮಣ್ಣು ಮುಚ್ಚೋದು. ಪ್ಯಾಡ್ ಮಾತ್ರ ಹೂಳಬಾರದು, ಪ್ರಾಣಿ ಕೆದರತಾವು. ಕರೀ ಕವರಿನಾಗ ಕಟ್ಟಿ ಊರಿಗೇ ತರಬೇಕು. ಲಕ್ಷಗಟ್ಟಲೆ ಕೊಟ್ಟು ಗಾಡಿ ತಗೊಂಡು, ಅದಕ್ಕ ದಪ್ಪ ಟೈರು, ಮುಂದ ಲೈಟು, ಎಳೆಯೋ ವಿಂಚು ಎಲ್ಲಾ ಹಾಕಿಸಿದ ಹುಡುಗನಿಗೆ ಒಂದು ಸಲಿಕಿ ನೆನಪಾಗಲಿಲ್ಲ ನೋಡ್ರಿ.

ನೀರಿನ ಲೆಕ್ಕಾನೂ ಹಂಗೇ. 22 ಮಂದಿ, ಕುಡಿಯಾಕ, ಅಡಗಿಗೆ, ಕೈ ತೊಳಿಯಾಕ ತಲಿಗೆ ಐದು ಲೀಟರ್ ಹಿಡಿದ್ರೂ 110 ಲೀಟರ್ ಆತು. 20 ಲೀಟರಿನ ಕ್ಯಾನು ಆರು. ಗ್ರೂಪಿನಾಗ ಬರೆದದ್ದು "ಬಿಸ್ಲೇರಿ ಎರಡು ಬಾಕ್ಸ್". ನಳ ಬರೋ ದಿನ ಕಾದು ಕೊಡ, ಡ್ರಮ್ಮು ತುಂಬಿಟ್ಟು ಮನಿ ನಡಿಸೋರನ್ನ ಒಂದು ಮಾತು ಕೇಳಿದ್ರ ಅರ್ಧ ನಿಮಿಷದಾಗ ಹೇಳ್ತಿದ್ವಿ.

ಇನ್ನ ಜಾಗದ ಮಾತು. ನನಗ ಭಾಳ ಹತ್ತಿದ್ದು ಇದೇ.

ಸಂಡೂರಿನ ಗುಡ್ಡದಾಗ ಭಾಳಷ್ಟು ಮೀಸಲು ಅರಣ್ಯ. 1963ರ ಕರ್ನಾಟಕ ಅರಣ್ಯ ಕಾಯ್ದೆ ಪ್ರಕಾರ ಅಂಥಾ ಕಾಡಿನಾಗ ಅಪ್ಪಣೆ ಇಲ್ಲದ ನುಗ್ಗೋದು, ಬೆಂಕಿ ಹಚ್ಚೋದು ಅಪರಾಧ. "ಯಾರೂ ಕೇಳಲ್ಲ ಸಣ್ಣಮ್ಮ, ಎಲ್ಲಾರೂ ಹೋಗ್ತಾರ" ಅಂದ. ಎಲ್ಲಾರೂ ಹೋದ್ರ ಏನಾಗ್ತೈತಿ ಅನ್ನೋದು 2024ರ ಜನವರಿಯಾಗ ಕುಮಾರಪರ್ವತದಾಗ ನೋಡಿದ್ವಲ್ಲ. ಗಣರಾಜ್ಯೋತ್ಸವದ ರಜಾಕ್ಕ ಜಾತ್ರಿ ಜಾತ್ರಿ ಮಂದಿ ಹತ್ತಿದ್ರು. ಆಮ್ಯಾಲ ಸರ್ಕಾರ ಆನ್‌ಲೈನ್ ಬುಕಿಂಗ್ ಇಲ್ಲದ ಕಡಿ ಚಾರಣಾನೇ ತಾತ್ಕಾಲಿಕವಾಗಿ ನಿಲ್ಲಿಸಿತು. ಅಚ್ಚುಕಟ್ಟಾಗಿ ಹೋಗಿ ಬರೋರಿಗೂ ಬಾಗಿಲು ಮುಚ್ಚಿತು.

ಅದೂ ಅಲ್ಲದ ಅದು ಕರಡಿ, ಚಿರತಿ ಇರೋ ಸೀಮಿ. ದರೋಜಿ ಕರಡಿಧಾಮ 1994ರಾಗ ಆದದ್ದು ಸುಮ್ಮನ ಅಲ್ಲ. ಅಲ್ಲಿ ಬಂಡಿ ಮ್ಯಾಲ ಬೆಲ್ಲ, ಜೇನುತುಪ್ಪ ಸವರಿದ್ರ ಕರಡಿ ವಾಸನಿ ಹಿಡಿದು ಬರ್ತಾವು. ನಮ್ಮ ಹೋಳಿಗಿ ಡಬ್ಬಿ, ಬೆಲ್ಲದ ಉಂಡಿ ಟೆಂಟಿನಾಗ ಇಟ್ಕೊಂಡು ಮಕ್ಕಳನ್ನ ಮಗ್ಗಲಾಗ ಮಲಗಿಸ್ಕೊಂಡ್ರ ನಿದ್ದಿ ಬರ್ತೈತೇನು ಯಾರಿಗಾದ್ರೂ?

ಮಣ್ಣಿನ ಮಾತು ನಮಗಿಂತ ಚೊಲೋ ಯಾರಿಗೆ ಗೊತ್ತೈತಿ. ಗಣಿ ಜೋರಿದ್ದ ಕಾಲದಾಗ ಆ ಕಡಿ ಊರುಗಳಾಗ ಒಣ ಹಾಕಿದ ಬಿಳಿ ಧೋತ್ರ ಸಂಜಿಗೆ ಕಾವಿ ಆಗ್ತಿತ್ತು. ಸಂಡೂರಿನಾಗ ನಮ್ಮ ಬೀಗರ ಮನ್ಯಾಗ ಹಿಟ್ಟಿನ ಡಬ್ಬಿ ಮ್ಯಾಲ ಬಟ್ಟಿ ಕಟ್ಟಿ ಇಡ್ತಿದ್ರು. ಜೋಳದ ಎಲಿ ಮ್ಯಾಲ ಬೆರಳಿಟ್ರ ಬೆರಳು ಕೆಂಪು. 2011ರ ಜುಲೈದಾಗ ಲೋಕಾಯುಕ್ತ ವರದಿ ಬಂತು, ಅದೇ ತಿಂಗಳ ಕೊನಿಗೆ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲಾದ ಗಣಿ ನಿಲ್ಲಿಸಿತು. ಆಮ್ಯಾಲ ಕಟ್ಟುಪಾಡು ಹಾಕಿ ಕೆಲವನ್ನ ಮತ್ತ ತೆರೆದ್ರು. 2024ರಾಗ ದೇವದಾರಿ ಗುಡ್ಡದ ಗಣಿಗೆ ಹತ್ತಿರ ಹತ್ತಿರ ಒಂದು ಲಕ್ಷ ಗಿಡ ಹೋಗ್ತಾವು ಅಂದಾಗ ಇದೇ ಅಕ್ಕನ ಮಗ ಸ್ಟೇಟಸ್ಸಿನಾಗ "ಸಂಡೂರು ಉಳಿಸಿ" ಅಂತ ಹಾಕಿದ್ದ. ನಾನು ಮರತಿಲ್ಲ.

ಜೀಪು ಗಣಿ ಅಲ್ಲ, ನಿಜ. ಐದು ಗಾಡಿಯಿಂದ ಗುಡ್ಡ ಕರಗಿ ಹೋಗಲ್ಲ. ಆದ್ರ ಗಣಿ ತಿಂದು ಉಳಿದ ಗುಡ್ಡ ಅದು. ಮಳಿ ಬಿದ್ದಾಗ ಆ ಕೆಮ್ಮಣ್ಣು ಸಗಣಿ ಸಾರಿಸಿದ ನೆಲ ಆಗಿರ್ತೈತಿ. ಗಾಡಿ ಜಾರ್ತೈತಿ, ಚಕ್ರ ಅಲ್ಲೇ ತಿರುಗಿ ತಿರುಗಿ ಮೊಣಕಾಲುದ್ದ ತಗ್ಗು ಮಾಡ್ತೈತಿ, ನೀರು ಅದೇ ತಗ್ಗು ಹಿಡಿದು ಇಳೀತೈತಿ, ಮಣ್ಣು ಹೊತ್ತು ನಾರಿಹಳ್ಳಕ್ಕ ಹೋಗಿ ಬೀಳ್ತೈತಿ. ನಾಳೆ ಇನ್ನೊಂದು ಗುಂಪು ಬಂದು "ಇಲ್ಲೇ ದಾರಿ ಐತಿ" ಅಂತ ಅದರ ಮ್ಯಾಲೇ ಹತ್ತತೈತಿ. ಸಿಕ್ಕಿಬಿದ್ದ ಗಾಡಿನ ಹಗ್ಗ ಕಟ್ಟಿ ಎಳೆಯೋವಾಗ ಹಗ್ಗ ಹರಿದ್ರ, ಕೊಕ್ಕಿ ಬಿಚ್ಚಿದ್ರ ಗುಂಡಿನಂಗ ಬರ್ತೈತಿ. ಮಕ್ಕಳು ಅದನ್ನ ನೋಡಾಕೇ ಪಕ್ಕದಾಗ ಓಡಿ ಬಂದು ನಿಂದ್ರತಾವು.

ಹಂಗಾದ್ರ ಮನ್ಯಾಗ ಕುಂದ್ರೋದೇನು ಅಂತ ಕೇಳಬ್ಯಾಡ್ರಿ. ನಾನು ಗ್ರೂಪಿನಾಗ ಬರೆದು ಹಾಕೀನಿ. ಐದೂ ಗಾಡಿ ರೋಡ್ ಹಿಡಿದು ಸಂಡೂರಿಗೆ ಹೋಗಲಿ. ನಾರಿಹಳ್ಳದ ಡ್ಯಾಮ್ ನೋಡೋಣ. ಸ್ವಾಮಿಮಲೈ ಕಾಡಿನ ದಾರಿಯಾಗ ಮ್ಯಾಲ ಹೋದ್ರ ಚಾಲುಕ್ಯರ ಕಾಲದ ಪಾರ್ವತಿ ಗುಡಿ, ಕುಮಾರಸ್ವಾಮಿ ಗುಡಿ ಎರಡೂ ಒಂದೇ ಕಡಿ ಅದಾವು. (ಕುಮಾರಸ್ವಾಮಿ ದರ್ಶನ ಹೆಣ್ಮಕ್ಕಳಿಗೆ ಇಲ್ಲ ಅನ್ನೋದು ಹಿಂದಿನಿಂದ ಬಂದ ಪದ್ಧತಿ. ತಾಯಿ ಗುಡಿ ಪಕ್ಕದಾಗೇ ಐತಿ, ಆಕಿನ್ನ ಕೇಳ್ತೀನಿ ಇದೇನವ್ವ ಅಂತ. ಅದನ್ನ ಇನ್ನೊಮ್ಮೆ ಬರೀತೀನಿ.) ಸಂಜಿಗೆ ದರೋಜಿ, ಗೋಪುರದ ಮ್ಯಾಲಿಂದ ಕರಡಿ ನೋಡೋದು. ರಾತ್ರಿ ಚಾಟ ಇರೋ ಕಡಿ ಮಲಗೋದು, ಇಲ್ಲಾಂದ್ರ ಯಾರದಾದ್ರೂ ಹೊಲದಾಗ ಅವರನ್ನ ಕೇಳಿ ಟೆಂಟ್ ಹಾಕೋದು. ನಮ್ಮ ಬೀಗರ ಹೊಲ ಐತಿ, ಭಾವಿ ಐತಿ, ಬೆಂಕಿ ಹಚ್ಚಿದ್ರ ಯಾರೂ ಬೈಯಲ್ಲ. ಗುಡ್ಡ ಹತ್ತೋ ಜೀಪಿನ ಹುಚ್ಚು ತೀರಲೇಬೇಕಂದ್ರ ಡಿಸೆಂಬರ್‌ದಾಗ ಕೊಡಚಾದ್ರಿಗೆ ಹೋಗೋಣ, ದಾರಿ ಬಲ್ಲವರ ಜೀಪಿನಾಗ.

ರೊಟ್ಟಿ ನಾವು ಮಾಡ್ತೀವಿ, ಕಟಕ್ ರೊಟ್ಟಿ ವಾರ ಇಟ್ರೂ ಕೆಡಲ್ಲ. ಆದ್ರ ಮುಂಜಾನೆ ಒಗ್ಗರಣಿ ಮಿರ್ಚಿ ಗಂಡಸರದು. ಮಂಡಕ್ಕಿ ನೆನಸೋದು, ಹಿಂಡೋದು, ಹುರಿಗಡ್ಲಿ ಪುಡಿ ಹಾಕೋದು ಎಲ್ಲಾ ವಿಡಿಯೋದಾಗ ಸಿಗ್ತೈತಿ, ಕೆಸರಿನ ವಿಡಿಯೋ ನೋಡಿದಂಗ ನೋಡ್ಕೊಳ್ಳಲಿ. ಭಾಂಡಿ ತೊಳಿಯೋದೂ ಅವರದೇ. ಮತ್ತ ಬರೋವಾಗ ರೋಡ್ ಮ್ಯಾಲ ಒಂದು ಗಾಡಿ ನಮ್ಮ ಓಣಿ ಮಾಸ್ತರಮ್ಮ ಓಡಸ್ತಾರ, ಅವರಿಗೆ ಲೈಸೆನ್ಸ್ ಆಗಿ ಆರು ವರ್ಷ ಆತು, ಇನ್ನೂ ಯಾರೂ ಚಾವಿ ಕೊಟ್ಟಿಲ್ಲ.

ಮೆಸೇಜ್ ಹಾಕಿ ಎರಡು ದಿನ ಆತು. ನೀಲಿ ಗೆರಿ ಬಿದ್ದಾವು, ಉತ್ತರ ಇಲ್ಲ. ಒಬ್ಬರು ಮಾತ್ರ ಕೈ ಮುಗಿಯೋ ಚಿತ್ರ ಹಾಕ್ಯಾರ, ಅದು ಹೂಂ ಅಂತನೋ ಸಾಕು ಮಾಡವ್ವ ಅಂತನೋ ತಿಳಿವಲ್ದು. ನಿನ್ನೆ ರಾತ್ರಿ ಅಕ್ಕನ ಸೊಸಿ ನನಗೊಬ್ಬಳಿಗೇ ಬ್ಯಾರೆ ಮೆಸೇಜ್ ಮಾಡಿದಳು: "ಸಣ್ಣತ್ತಿ, ಹೋದ ಸಲ ಇವರ ಜೊತಿಗೆ ಹೋದಾಗ ನಾನೂ ಒಂದೂವರೆ ದಿನ ನೀರು ಕುಡಿದಿದ್ದಿಲ್ಲ. ಹೇಳಾಕ ಆಗಿದ್ದಿಲ್ಲ."

ಐತವಾರ ಸಂಜಿ ನಮ್ಮನಿ ಕಟ್ಟಿ ಮ್ಯಾಲ ಕೂಡ್ತೀವಿ, ಅವನನ್ನೂ ಕರೆದೀನಿ. ನೀವೂ ಬರ್ರಿ.