ಊರಿನ ಮೂಲವೂ ನೀರು, ಆರೋಗ್ಯದ ಮೂಲವೂ ನೀರು

ಊರುಗಳು ಹುಟ್ಟುವುದು ನೀರಿನ ಆಸರೆಯಲ್ಲಿ. ಬೆಂಗಳೂರಿನ ಉತ್ತರ ಭಾಗವೂ ಇದಕ್ಕೆ ಹೊರತಲ್ಲ. 1537ರಲ್ಲಿ ಬೆಂಗಳೂರು ಪೇಟೆಯನ್ನು ಕಟ್ಟಿದ ಕೆಂಪೇಗೌಡರು ಯಲಹಂಕ ನಾಡಿನ ಪ್ರಭುಗಳು. ವರ್ಷವಿಡೀ ತುಂಬಿ ಹರಿಯುವ ನದಿಯಿಲ್ಲದ ಈ ನೆಲದಲ್ಲಿ ಹಿರಿಯರು ಮಳೆನೀರನ್ನು ತಡೆದು ಕೆರೆ ಕಟ್ಟಿದರು. ಯಲಹಂಕದ ಕಡೆಯಿಂದ ಜಕ್ಕೂರಿಗೆ, ಜಕ್ಕೂರಿನಿಂದ ರಾಚೇನಹಳ್ಳಿಗೆ ನೀರು ಕೆರೆಯಿಂದ ಕೆರೆಗೆ ಸಾಗುತ್ತಿತ್ತು. ಯಶವಂತಪುರದ ಪಕ್ಕದ ಮತ್ತಿಕೆರೆಯ ಹೆಸರಿನಲ್ಲೇ ಕೆರೆಯಿದೆ.

1890ರ ದಶಕದಲ್ಲಿ ಹೆಸರಘಟ್ಟದ ನೀರು, 1974ರಲ್ಲಿ ಕಾವೇರಿಯ ನೀರು ಕೊಳವೆಗಳಲ್ಲಿ ನಗರಕ್ಕೆ ಬಂದವು. ಆದರೆ ಯಲಹಂಕ, ಹೆಬ್ಬಾಳದ ಸುತ್ತ ಎದ್ದ ಅನೇಕ ಹೊಸ ಬಡಾವಣೆಗಳು ಕೊಳವೆಗಿಂತ ಮೊದಲೇ ಬೆಳೆದು ಬೋರ್‌ವೆಲ್‌ಗಳನ್ನು ನೆಚ್ಚಿಕೊಂಡವು.

ಕೆರೆಯಂಚಿನ ತೆರೆದ ಬಾವಿಯ ನೀರು ಬೇರೆ, ನೂರಾರು ಅಡಿ ಆಳದ ಕಲ್ಲಿನ ಬಿರುಕಿನ ನೀರು ಬೇರೆ. ದೀರ್ಘಕಾಲ ಬಂಡೆಯ ಸಂಗದಲ್ಲಿದ್ದ ನೀರು ಅದರ ಖನಿಜಗಳನ್ನು ಕರಗಿಸಿಕೊಳ್ಳುತ್ತದೆ, ಫ್ಲೋರೈಡ್ ಅವುಗಳಲ್ಲೊಂದು. ಬಾವಿ, ಕೆರೆ, ಒರತೆ, ನದಿ ಎಂದು ಮೂಲವನ್ನು ಬೇರ್ಪಡಿಸಿಯೇ ಆಯುರ್ವೇದವು ನೀರಿನ ಗುಣವನ್ನು ಹೇಳಿದೆ. ಆ ಪ್ರಶ್ನೆಯನ್ನು ಕೇಳುವುದನ್ನು ನಾವೇ ಮರೆತಿದ್ದೆವು.

ಕೆಲವು ವರ್ಷಗಳ ಹಿಂದೆ ತಾಯಿಯೊಬ್ಬರು ಮಗನನ್ನು ನಮ್ಮ ಚಿಕಿತ್ಸಾಲಯಕ್ಕೆ ಕರೆತಂದರು. ಬಾಲಕನ ಹಲ್ಲುಗಳ ಮೇಲೆ ಕಂದು ಕಲೆಗಳು. ಮನೆಯಲ್ಲಿ ಬೋರ್‌ವೆಲ್ ನೀರು. "ತಾವು ಹೇಳಿದಂತೆ ಕಾಯಿಸಿ ಆರಿಸಿಯೇ ಕುಡಿಸಿದ್ದೇವೆ, ಡಾಕ್ಟರೇ" ಎಂದರು ಆ ತಾಯಿ. ಪರೀಕ್ಷೆ ಮಾಡಿಸಿದಾಗ ಫ್ಲೋರೈಡ್ ಮಿತಿಯನ್ನು ಮೀರಿತ್ತು. ಕಾಯಿಸಿದರೆ ರೋಗಾಣು ಸಾಯುತ್ತವೆ. ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಅದು ಸಾಂದ್ರವಾಗುತ್ತದೆ. ಇದನ್ನು ತಿಳಿದೂ ನಾವು ನೀರಿನ ಮೂಲವನ್ನು ವಿಚಾರಿಸದೆ ಸಲಹೆ ನೀಡಿದ್ದೆವು. ಹಲ್ಲು ರೂಪುಗೊಳ್ಳುವ ವಯಸ್ಸಿನಲ್ಲಿ ಮೂಡಿದ ಆ ಕಲೆ ತಾನಾಗಿ ಅಳಿಯದು. ಆ ತಪ್ಪು ನಮ್ಮದು.

ಆದ್ದರಿಂದ ಭಕ್ತರಲ್ಲಿ ನಮ್ಮ ವಿನಂತಿ ಇಷ್ಟೇ. ಬೋರ್‌ವೆಲ್ ನೀರನ್ನು ಕುಡಿಯುವವರು ವರ್ಷಕ್ಕೊಮ್ಮೆ ಮಾನ್ಯತೆ ಪಡೆದ ಪ್ರಯೋಗಾಲಯದಲ್ಲಿ ಅದನ್ನು ಪರೀಕ್ಷಿಸಿರಿ. ಭಾರತೀಯ ಮಾನಕದ ಪ್ರಕಾರ ಲೀಟರಿಗೆ ಫ್ಲೋರೈಡ್ 1 ಮಿಲಿಗ್ರಾಂ ಒಳಗಿರಬೇಕು. ಬೇರೆ ಮೂಲವಿಲ್ಲದಿದ್ದರೂ 1.5 ಮೀರಬಾರದು. ನೈಟ್ರೇಟ್ 45 ಮಿಲಿಗ್ರಾಂ ದಾಟಬಾರದು. ನಾಲಿಗೆಯ ರುಚಿ ಇವನ್ನು ತಿಳಿಸದು. ಮಿತಿ ಮೀರಿದ್ದರೆ ಕುಡಿಯಲು, ಅಡುಗೆಗೆ ಕಾವೇರಿ ನೀರನ್ನೋ ಸರಿಯಾಗಿ ಶುದ್ಧೀಕರಿಸಿದ ನೀರನ್ನೋ ಬಳಸಿರಿ. ವಿಶೇಷವಾಗಿ ಎಳೆಯ ಮಕ್ಕಳ ಮನೆಗಳಲ್ಲಿ ಇದನ್ನು ಮುಂದೂಡಬಾರದು.

ಇದು ಮನೆಯ ಮಾತು. ಊರಿನ ಮಾತೂ ಒಂದಿದೆ. ಮೂವತ್ತು ನಲವತ್ತರ ನಿವೇಶನದಷ್ಟು ಅಗಲದ ಚಾವಣಿಯ ಮೇಲೆ ವರ್ಷಕ್ಕೆ ಸುಮಾರು 1 ಲಕ್ಷ ಲೀಟರ್ ಮಳೆ ಬೀಳುತ್ತದೆ. ಅದನ್ನು ಚರಂಡಿಗೆ ಬಿಡದೆ ಇಂಗುಗುಂಡಿಗೆ ಹರಿಸಿದರೆ ಮೇಲ್ಪದರದ ಅಂತರ್ಜಲ ಮತ್ತೆ ತುಂಬುತ್ತದೆ. ಕೆರೆ ಕಟ್ಟಿದವರ ಊರಿನಲ್ಲಿ ಬಾಳುತ್ತಿರುವ ನಾವು ಅಷ್ಟನ್ನಾದರೂ ಮಾಡೋಣ. ಶರಣು.